ನೆಟ್‌ಫ್ಲಿಕ್ಸ್ ಪಟ್ಟಿಯಲ್ಲಿ ಕೊರಿಯಾದ ಧಾರಾವಾಹಿಗಳು: ಆ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ಹಾಸನದ ಅಧ್ಯಾಪಕ

ಹಾಸನದ ಪದವಿ ಕಾಲೇಜೊಂದರಲ್ಲಿ ನಾನು ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಕೊರಿಯಾದ ಧಾರಾವಾಹಿಗಳ ಜಾಗತಿಕ ಜನಪ್ರಿಯತೆಯನ್ನು ತಮ್ಮ ಕಿರುಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದಾರೆ. ನೆಟ್‌ಫ್ಲಿಕ್ಸ್ ವಾರವಾರವೂ ಪ್ರಕಟಿಸುವ ಮೊದಲ ಹತ್ತರ ಪಟ್ಟಿಯೇ ಅವರ ಮುಖ್ಯ ಆಧಾರ. ಆದರೆ ವಿಭಾಗದ ಹಿರಿಯರೊಬ್ಬರು, ಅದು ಕಂಪನಿ ತನಗೆ ತಾನೇ ಬರೆದುಕೊಂಡ ಅಂಕಪಟ್ಟಿ, ಅದನ್ನು ನೆಚ್ಚಿಕೊಂಡು ಪ್ರಬಂಧ ಬರೆಸಬೇಡಿ ಎಂದು ಎಚ್ಚರಿಸಿದ್ದಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಗೆಂದು ಹಾಸ್ಟೆಲಿನ ಹುಡುಗಿಯರು ರಾತ್ರಿ ಊಟವಾದ ಮೇಲೆ ಒಂದೇ ಮೊಬೈಲಿನ ಸುತ್ತ ಕುಳಿತು ಈ ಕಥೆಗಳನ್ನು ನೋಡುವುದು ಬರೀ ಪ್ರಚಾರದ ಫಲವೆಂದೂ ಅನಿಸುವುದಿಲ್ಲ. ಈ ಪಟ್ಟಿ ಹೇಗೆ ಸಿದ್ಧವಾಗುತ್ತದೆ, ಅದರಿಂದ ಯಾವ ತೀರ್ಮಾನಕ್ಕೆ ಬರಬಹುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಚಿಕ್ಕಮಗಳೂರಿನ ಲೆಕ್ಕಿಗ

ನಿಮ್ಮ ಹಿರಿಯರ ಎಚ್ಚರಿಕೆಯಲ್ಲಿ ಅರ್ಧ ಸತ್ಯವಿದೆ. ಅಂಕಿಗಳನ್ನು ಕೊಡುವುದು ಕಂಪನಿಯೇ ನಿಜ, ಆದರೆ ಲೆಕ್ಕದ ವಿಧಾನವನ್ನು ಅದು ಮುಚ್ಚಿಟ್ಟಿಲ್ಲ. 2021ರ ನವೆಂಬರ್‌ನಲ್ಲಿ ವಾರದ ಪಟ್ಟಿ ಆರಂಭವಾದಾಗ ನೋಡಿದ ಒಟ್ಟು ಗಂಟೆಗಳೇ ಅಳತೆಯಾಗಿದ್ದವು. 2023ರ ಜೂನ್‌ನಿಂದ ಆ ಗಂಟೆಗಳನ್ನು ಕೃತಿಯ ಒಟ್ಟು ಅವಧಿಯಿಂದ ಭಾಗಿಸಿ, ಬಂದ ಸಂಖ್ಯೆಯನ್ನು ವೀಕ್ಷಣೆಗಳು ಎಂದು ತೋರಿಸಲಾಗುತ್ತಿದೆ.

ಕೊರಿಯಾದ ಧಾರಾವಾಹಿಗಳಿಗೆ ಈ ಬದಲಾವಣೆಯಿಂದ ಬಹಳ ವ್ಯತ್ಯಾಸವಾಗುತ್ತದೆ. ಒಂದು ಗಂಟೆಯ 16 ಕಂತುಗಳಿರುವ ಕಥೆಯನ್ನೂ ಅಷ್ಟೇ ಉದ್ದದ 8 ಕಂತುಗಳಿರುವ ಇನ್ನೊಂದು ಕಥೆಯನ್ನೂ ಜನ ತಲಾ 3.2 ಕೋಟಿ ಗಂಟೆ ನೋಡಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲಿನದಕ್ಕೆ 20 ಲಕ್ಷ ವೀಕ್ಷಣೆಗಳು, ಎರಡನೆಯದಕ್ಕೆ 40 ಲಕ್ಷ. ಹಳೆಯ ಅಳತೆ ಉದ್ದನೆಯ ಕಥೆಗೆ ಅನುಕೂಲವಾಗಿತ್ತು, ಈಗಿನದು ಆ ಅನುಕೂಲವನ್ನು ಕಳೆದಿದೆ. ಆದ್ದರಿಂದ 2023ರ ಜೂನ್‌ಗೆ ಮುಂಚಿನ ವಾರದ ಅಂಕಿಗಳನ್ನು ನಂತರದವುಗಳ ಪಕ್ಕದಲ್ಲಿಟ್ಟು ಹೋಲಿಸಬಾರದು.

ಇನ್ನೊಂದು ವಿಷಯವನ್ನು ವಿದ್ಯಾರ್ಥಿಗಳು ಗಮನಿಸಲೇಬೇಕು. ಜಾಗತಿಕ ಪಟ್ಟಿಯಲ್ಲಿ ಇಂಗ್ಲಿಷ್ ಧಾರಾವಾಹಿಗಳದು ಒಂದು ಸಾಲು, ಉಳಿದೆಲ್ಲ ಭಾಷೆಗಳದು ಇನ್ನೊಂದು ಸಾಲು. ಕೊರಿಯಾದ ಕಥೆ ಮೊದಲ ಸ್ಥಾನದಲ್ಲಿದೆ ಎಂದರೆ ಸಾಮಾನ್ಯವಾಗಿ ಈ ಎರಡನೆಯ ಸಾಲಿನಲ್ಲಿ ಎಂದರ್ಥ. 'ಸ್ಕ್ವಿಡ್ ಗೇಮ್' ಮಾತ್ರ ಈ ಎಲ್ಲೆಯನ್ನು ದಾಟಿ, ಒಟ್ಟು ಲೆಕ್ಕದಲ್ಲಿ ಇಂಗ್ಲಿಷ್ ಧಾರಾವಾಹಿಗಳನ್ನೂ ಹಿಂದಿಕ್ಕಿತು. 2021ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ಅದರ ಮೊದಲ ಸರಣಿಯನ್ನು ಮೊದಲ 28 ದಿನಗಳಲ್ಲಿ ಜನ ನೋಡಿದ್ದು ಸುಮಾರು 165 ಕೋಟಿ ಗಂಟೆ. ಮೊದಲ 91 ದಿನಗಳನ್ನು ಎಣಿಸುವ ಹೊಸ ಲೆಕ್ಕದಲ್ಲಿ ಆ ಸರಣಿಗೆ 26 ಕೋಟಿಗೂ ಹೆಚ್ಚು ವೀಕ್ಷಣೆಗಳಿವೆ.

ದೇಶವಾರು ಪಟ್ಟಿಯಲ್ಲಾದರೋ ಗಂಟೆಗಳೂ ಇಲ್ಲ, ವೀಕ್ಷಣೆಗಳೂ ಇಲ್ಲ, ಸ್ಥಾನ ಮಾತ್ರ ಇರುತ್ತದೆ. ಭಾರತದಲ್ಲಿ ಎರಡನೆಯ ಸ್ಥಾನ ಎಂದು ಕಂಡರೆ ನೋಡಿದವರು ಎಷ್ಟು ಮಂದಿ, ಅವರಲ್ಲಿ ಕೊನೆಯ ಕಂತಿನವರೆಗೆ ಉಳಿದವರು ಎಷ್ಟು ಮಂದಿ ಎಂಬುದನ್ನು ಅದರಿಂದ ತಿಳಿಯಲಾಗದು.

ಉತ್ತರ: ಸಕಲೇಶಪುರದ ಓದುಗಿ

ಲೆಕ್ಕದ ವಿವರಣೆಗೆ ಧನ್ಯವಾದಗಳು ಸರ್. ನಾನು ಕಥೆಯ ಕಡೆಯಿಂದ ಒಂದು ಮಾತನ್ನು ಸೇರಿಸಬಯಸುತ್ತೇನೆ. ಪಟ್ಟಿ ಜನಪ್ರಿಯತೆಯ ಪ್ರಮಾಣವನ್ನು ಹೇಳೀತು, ಕಾರಣವನ್ನು ಹೇಳದು. ಈ ಜನಪ್ರಿಯತೆ ನೆಟ್‌ಫ್ಲಿಕ್ಸ್‌ನಿಂದ ಹುಟ್ಟಿದ್ದೂ ಅಲ್ಲ. 2002ರಲ್ಲಿ ಕೊರಿಯಾದ ಕೆಬಿಎಸ್ ವಾಹಿನಿಯಲ್ಲಿ ಬಂದ 'ವಿಂಟರ್ ಸೊನಾಟಾ'ವನ್ನು ಮರುವರ್ಷ ಜಪಾನಿನ ಎನ್‌ಎಚ್‌ಕೆ ಪ್ರಸಾರ ಮಾಡಿದಾಗ, ಅದರ ಚಿತ್ರೀಕರಣ ನಡೆದ ನಾಮಿ ದ್ವೀಪಕ್ಕೆ ಜಪಾನೀಯರು ಪ್ರವಾಸ ಹೊರಟರು. ಆಗ ಇಂಥ ಪಟ್ಟಿಗಳೇ ಇರಲಿಲ್ಲ.

ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ, ಈ ಕಥೆಗಳಿಗೆ ಕೊನೆಯೆಂಬುದು ಇರುವುದು. ಹೆಚ್ಚಿನವು 16 ಕಂತುಗಳೊಳಗೆ ಮುಗಿಯುತ್ತವೆ ಮತ್ತು ಸಾಮಾನ್ಯವಾಗಿ ಒಬ್ಬರೇ ಲೇಖಕರು ಆರಂಭದಿಂದ ಅಂತ್ಯದವರೆಗೆ ಬರೆಯುತ್ತಾರೆ. 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ಮತ್ತು 'ಕ್ವೀನ್ ಆಫ್ ಟಿಯರ್ಸ್' ಎರಡನ್ನೂ ಬರೆದ ಪಾರ್ಕ್ ಜಿ-ಯುನ್ ಅವರ ಹೆಸರನ್ನು ನೋಡಿಯೇ ಅಲ್ಲಿನವರು ಹೊಸ ಕಥೆಗೆ ಕಾಯುತ್ತಾರೆ. ನಮ್ಮ ದೈನಿಕ ಧಾರಾವಾಹಿಗಳು ಟಿಆರ್‌ಪಿ ಇರುವಷ್ಟು ಕಾಲ ಬೆಳೆಯಬೇಕಾಗುತ್ತದೆ. ನಮ್ಮ ಬರಹಗಾರರ ಸಾಮರ್ಥ್ಯವೆಲ್ಲ ಕಥೆಯನ್ನು ಮುಗಿಸದೆ ಉಳಿಸುವುದರಲ್ಲೇ ವ್ಯಯವಾಗುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

2025ರ ಮಾರ್ಚ್‌ನಲ್ಲಿ ವಾರಕ್ಕೆ ನಾಲ್ಕರಂತೆ 16 ಕಂತುಗಳಲ್ಲಿ ಬಂದ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಜೆಜು ದ್ವೀಪದ ಕಥೆ. ನಾಯಕಿಯ ತಾಯಿ ಉಸಿರು ಬಿಗಿಹಿಡಿದು ಸಮುದ್ರಕ್ಕೆ ಧುಮುಕಿ ಚಿಪ್ಪುಜೀವಿಗಳನ್ನು ಹೆಕ್ಕಿ ತರುವ ಹೆಂಗಸು. ಸಂತೆಯಲ್ಲಿ ಎಲೆಕೋಸು ಮಾರಲು ಕೂತ ನಾಯಕಿ ಪುಸ್ತಕದಲ್ಲಿ ಮುಳುಗಿರುತ್ತಾಳೆ, ಅವಳ ಪರವಾಗಿ ಮಾರುವವನು ಅವಳನ್ನು ಪ್ರೀತಿಸುವ, ಮಾತೇ ಆಡದ ಹುಡುಗ. ಅವನು ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅವಳ ಕೋಸು ಖಾಲಿಯಾಗುತ್ತದೆ, ಅಷ್ಟೆ. ಆ ದ್ವೀಪದ ಹೆಸರನ್ನೇ ಕೇಳಿರದ ನಮ್ಮ ಅತ್ತೆ ಈ ದೃಶ್ಯವನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು. ತಮ್ಮ ಊರನ್ನು ಯಾರಿಗೋ ಒಗ್ಗಿಸಲು ಹೋಗದೆ ಇದ್ದ ಹಾಗೆಯೇ ತೋರಿಸಿದ್ದರಿಂದ ಅದು ದೂರದವರನ್ನೂ ಮುಟ್ಟಿತೆಂದು ನಾನು ನಂಬುತ್ತೇನೆ.

ಉತ್ತರ: ಮೂಡಿಗೆರೆಯಿಂದ

ನಿಮ್ಮದು ವಾಣಿಜ್ಯ ವಿಭಾಗವಾದ್ದರಿಂದ ಹಕ್ಕುಗಳ ವಿಷಯವನ್ನು ಬಿಡಬೇಡಿ. ನಾಲ್ಕು ವರ್ಷಗಳಲ್ಲಿ ಕೊರಿಯಾದಲ್ಲಿ 250 ಕೋಟಿ ಡಾಲರ್ ಹೂಡುವುದಾಗಿ ನೆಟ್‌ಫ್ಲಿಕ್ಸ್ 2023ರ ಏಪ್ರಿಲ್‌ನಲ್ಲಿ ಘೋಷಿಸಿತು. ಹಣ ಹೂಡಿದವರ ಕೈಯಲ್ಲಿ ಹಕ್ಕು ಉಳಿಯುತ್ತದೆ, 'ಸ್ಕ್ವಿಡ್ ಗೇಮ್' ವಿಷಯದಲ್ಲಿ ಆದದ್ದೂ ಅದೇ. ಆದರೆ 2022ರ 'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ' ನಿರ್ಮಿಸಿದ ಎ-ಸ್ಟೋರಿ ಸಂಸ್ಥೆ ಮೂಲ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡು, ಇಎನ್‌ಎ ಎಂಬ ಸಣ್ಣ ವಾಹಿನಿಯಲ್ಲಿ ಪ್ರಸಾರ ಮಾಡಿಸಿ, ನೆಟ್‌ಫ್ಲಿಕ್ಸ್‌ಗೆ ಪ್ರಸಾರದ ಅನುಮತಿಯನ್ನಷ್ಟೇ ಕೊಟ್ಟಿತು. ಪಟ್ಟಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಗೆಲುವಿನ ಲಾಭ ಮಾತ್ರ ಬೇರೆ ಬೇರೆಯವರಿಗೆ ಸೇರುತ್ತದೆ. ವಿದ್ಯಾರ್ಥಿನಿಯರು ಈ ಎರಡನ್ನು ಹೋಲಿಸಿ ಬರೆದರೆ ಒಂದು ಅಧ್ಯಾಯಕ್ಕೆ ಸಾಕಾಗುತ್ತದೆ.

ಹಾಸನದ ಅಧ್ಯಾಪಕ

ಮೂವರಿಗೂ ಕೃತಜ್ಞತೆಗಳು. ಜಾಗತಿಕ ಅಂಕಿಗಳನ್ನು 2023ರ ಜೂನ್‌ನಿಂದ ಈಚೆಗೆ ಮಾತ್ರ ತೆಗೆದುಕೊಳ್ಳಲು, ಹಕ್ಕುಗಳ ಹೋಲಿಕೆಗೆ ಪ್ರತ್ಯೇಕ ಅಧ್ಯಾಯವಿಡಲು ಹೇಳುತ್ತೇನೆ. ಪಟ್ಟಿ ಹೇಳದ ಸಂಗತಿಗೆ, ಅಂದರೆ ಯಾವ ಕಥೆಯನ್ನು ಪೂರ್ತಿ ನೋಡಿದಿರಿ, ಯಾವುದನ್ನು ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬುದಕ್ಕೆ, ಹಾಸ್ಟೆಲಿನಲ್ಲೇ ಪ್ರಶ್ನಾವಳಿ ಹಂಚಲಿದ್ದಾರೆ. ಅದರ ಕರಡನ್ನು ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.