ಜೇಕು ಅನ್ನುವ ಕಳೆಗೆ ಔಷಧಿ ಕೇಳಿದ ತಮ್ಮನಿಗೆ

ತಮ್ಮಾ, ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್‌ನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಹಾಲು ಕರೆಯುತ್ತಾ ಕೇಳು. ಗುಂಪಿನಲ್ಲಿ ಬೇರೆಯವರಿಗೆ ಬೇಜಾರಾದರೆ ಮುಂದಕ್ಕೆ ಓಡಿಸಿಕೊಳ್ಳಿ.

ನಿನ್ನೆ ನೀನು ಹಾಕಿದ ಫೋಟೋ ನೋಡಿದೆ. ಹೋದ ಸಲದ ಟೊಮೆಟೊ ಸಾಲು. ಮಣ್ಣು ಮುಚ್ಚುವ ಮಲ್ಚಿಂಗ್ ಶೀಟೆಲ್ಲಾ ತೂತು ತೂತು, ಒಂದೊಂದು ತೂತಿನಿಂದಲೂ ಸೂಜಿ ಹಾಗೆ ಹಸಿರು ಮೇಲೆದ್ದಿದೆ. ಅದೇ ಅರ್ಧ ಎಕರೆಗೆ ಜೂನ್‌ನಲ್ಲಿ ಕ್ಯಾಪ್ಸಿಕಂ ಹಾಕಬೇಕು, ಈ ಹುಲ್ಲು ಸಾಯಿಸಲು ಮಣ್ಣಿಗೆ ಹಾಕುವ ಔಷಧಿ ಕೇಳಿದರೆ ಅಂಗಡಿಯವರು ಫಾರ್ಮಾಲಿನ್ ಅಂದರು, ಇಲ್ಲದಿದ್ದರೆ ಡಾಜೋಮೆಟ್ ಅಂದರು, ಯಾವುದು ವಾಸಿ ಅಂತ ಕೇಳಿದ್ದೀಯ. ಅದರ ಕೆಳಗೇ ಭಾವ ಫ್ಲೋರಿಡಾದಿಂದ, 'ಇಲ್ಲಿ ಮಣ್ಣಿಗೇ ಗ್ಯಾಸ್ ಬಿಡುತ್ತಾರೆ, ಒಂದು ಕಳೆ ಬರುವುದಿಲ್ಲ' ಅಂತ ಹಾಕಿದ್ದಾರೆ.

ಮೊದಲು ಅದು ಹುಲ್ಲಲ್ಲ ಕಣೋ. ಒಂದು ಕಡ್ಡಿ ಕಿತ್ತು ಎರಡು ಬೆರಳಿನ ಮಧ್ಯೆ ಹೊರಳಿಸಿ ನೋಡು. ಮೂರು ಏಣು ಸಿಗುತ್ತದೆ. ಅದು ಜೇಕು. ಅಜ್ಜಿ ಕೊನ್ನಾರಿ ಗಡ್ಡೆ ಅಂತಿದ್ದರಲ್ಲ, ಅದೇ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ದುಡ್ಡು ತೆಗೆದುಕೊಂಡು ಕೊಡುತ್ತಾರೆ, ನಾವು ಅದನ್ನು ಸಾಯಿಸುವುದಕ್ಕೆ ದುಡ್ಡು ಕೊಡುತ್ತಿದ್ದೇವೆ. ನಗು ಬರುತ್ತದೆ, ಅಲ್ವಾ?

ಕೀರೆ, ಪಾರ್ಥೇನಿಯಂ ಇವೆಲ್ಲಾ ಬೀಜದಿಂದ ಬರುವ ಕಳೆ. ಬೀಜ ಮೇಲಿನ ಒಂದೆರಡು ಇಂಚಿನಲ್ಲಿದ್ದರೆ ಮಾತ್ರ ಮೊಳೆಯುತ್ತದೆ. ಜೇಕು ಹಾಗಲ್ಲ. ಅದರ ಗಡ್ಡೆ ಸರದಲ್ಲಿ ಮಣಿ ಪೋಣಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೆಳಗೆ ಹೋಗಿರುತ್ತದೆ. ಜಾಸ್ತಿ ಗಡ್ಡೆ ಮೇಲಿನ ಆರು ಇಂಚಿನಲ್ಲೇ ಇರುತ್ತದೆ, ಕೆಲವು ಒಂದು ಅಡಿಗೂ ಇಳಿದಿರುತ್ತವೆ. ಸರ ಹಾಗೇ ಇರುವಾಗ ತುದಿಯ ಗಡ್ಡೆ ಚಿಗುರುತ್ತದೆ, ಉಳಿದವು ಸುಮ್ನೆ ಮಲಗಿರುತ್ತವೆ. ಸರ ಕತ್ತರಿಸಿದರೆ ಮಲಗಿದ್ದವೆಲ್ಲಾ ಏಳುತ್ತವೆ. ಈಗ ಹೇಳು, ಹೋದ ವರ್ಷ ಎಷ್ಟು ಸಲ ಮಣ್ಣು ಕತ್ತರಿಸಿ ಪುಡಿ ಮಾಡುವ ರೋಟವೇಟರ್ ಹೊಡೆಸಿದೆ? ಒಂದು ಸಲ ಹೊಡೆಸಿ ಬಿಟ್ಟರೆ ಅದು ಕಳೆ ತೆಗೆದ ಹಾಗಲ್ಲ, ಬಿತ್ತನೆ ಮಾಡಿದ ಹಾಗೆ.

ಫಾರ್ಮಾಲಿನ್ ನಾನೇ ಹಾಕಿ ನೋಡಿದ್ದೇನೆ. ಪ್ಲಾಸ್ಟಿಕ್ ಹೊದಿಸಿದ ನಮ್ಮ ಪಾಲಿಹೌಸ್ ಹೊಸದರಲ್ಲಿ ಅಂಗಡಿಯವರೊಬ್ಬರು ಹೇಳಿದರು ಅಂತ. ನೀರಿಗೆ ಬೆರೆಸಿ ಮಣ್ಣು ನೆನೆಯುವ ಹಾಗೆ ಹುಯ್ದು, ಶೀಟ್ ಮುಚ್ಚಿ, ಒಂದು ವಾರ ಬಿಟ್ಟು ತೆಗೆದೆವು. ತೆಗೆದ ದಿನ ನಮ್ಮ ಯಜಮಾನರಿಗೆ ಕಣ್ಣು ಬಿಡಲು ಆಗಲಿಲ್ಲ, ಮೂಗಲ್ಲಿ ನೀರು. ಆ ಮೇಲೆ ವಾಸನೆ ಹೋಗಲಿ ಅಂತ ಎರಡು ವಾರ ಮಣ್ಣು ಕೆದಕುತ್ತಾ ಕೂತೆವು. ನಾಟಿ ಮಾಡಿದ ಇಪ್ಪತ್ತು ದಿನಕ್ಕೆ ಜೇಕು ಮಲ್ಚಿಂಗ್ ತೂರಿ ಬಂತು, ಏನೂ ಆಗಿಲ್ಲದ ಹಾಗೆ. ಫಾರ್ಮಾಲಿನ್ ಬೂಷ್ಟು, ಬ್ಯಾಕ್ಟೀರಿಯಾ ಸಾಯಿಸುವ ವಸ್ತು. ಗಡ್ಡೆಯ ಒಳಗೆ ಹೋಗಿ ಕೆಲಸ ಮಾಡುವುದಿಲ್ಲ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು. ನಿನಗೆ ಸಣ್ಣ ಮಕ್ಕಳಿದ್ದಾರೆ, ಮನೆ ಹೊಲದ ಪಕ್ಕದಲ್ಲೇ ಇದೆ. ನಾನಂತೂ ಬೇಡ ಅನ್ನುತ್ತೇನೆ.

ಡಾಜೋಮೆಟ್ ಅದಕ್ಕಿಂತ ಜೋರು. ಬಿಳಿ ಹರಳು. ತೇವದ ಮಣ್ಣಿಗೆ ಬೆರೆಸಿದರೆ ಗ್ಯಾಸ್ ಆಗುತ್ತದೆ, ಮೇಲೆ ಶೀಟ್ ಮುಚ್ಚಬೇಕು. ಹೂವಿನ ಪಾಲಿಹೌಸಿನವರು ಬಳಸುತ್ತಾರೆ. ಬೀಜದ ಕಳೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನಾನು ಸುಳ್ಳು ಹೇಳುವುದಿಲ್ಲ. ಜೇಕಿಗೆ ಮಾತ್ರ ಅರ್ಧಂಬರ್ಧ, ಗ್ಯಾಸ್ ಮುಟ್ಟದ ಆಳದಲ್ಲಿ ಗಡ್ಡೆ ಕೂತಿರುತ್ತದೆ. ನಿನ್ನದು ಬಯಲು ಹೊಲ, ಅದರ ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಯಾವಾಗಲಾದರೂ ಹಾಕಿದರೂ ಒಂದು ಮಾತು ನೆನಪಿಟ್ಟುಕೋ. ಗ್ಯಾಸ್ ಹೋಗಿದೆಯೋ ಇಲ್ಲವೋ ಅಂತ ಮೂಗು ಹೇಳುವುದಿಲ್ಲ. ಆ ಮಣ್ಣನ್ನು ಒಂದು ಮುಚ್ಚಳದ ಬಾಟಲಿಗೆ ತುಂಬಿ ಮೂಲಂಗಿ ಬೀಜ ಹಾಕು. ಔಷಧಿ ಹಾಕದ ಬೇರೆ ಮಣ್ಣಿನಲ್ಲೂ ಹಾಕು. ಎರಡೂ ಒಂದೇ ಸಮ ಮೊಳೆತರೆ ಆಮೇಲೆ ನಾಟಿ.

ತಡಿ, ತ್ರೀ ಫೇಸ್ ಕರೆಂಟ್ ಬಂತು. ಮೋಟರ್ ಹಾಕಿ ಬರುತ್ತೇನೆ.

ಹಾಂ, ಬಂದೆ. ಎಲ್ಲಿದ್ದೆ? ಭಾವನ ಗ್ಯಾಸ್.

ಭಾವ, ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹಳೇ ಕಥೆ. ಅದು ಮೀಥೈಲ್ ಬ್ರೋಮೈಡ್. ಬೀಜ, ಗಡ್ಡೆ, ಹುಳ, ರೋಗ ಎಲ್ಲವನ್ನೂ ಒಂದೇ ಏಟಿಗೆ ಮುಗಿಸುತ್ತಿತ್ತು. ಬಣ್ಣ ಇಲ್ಲ, ವಾಸನೆ ಇಲ್ಲ, ಅದಕ್ಕೇ ಎಚ್ಚರಿಕೆಗೆ ಅಂತ ಕಣ್ಣುರಿ ಬರಿಸುವ ಕ್ಲೋರೋಪಿಕ್ರಿನ್ ಸ್ವಲ್ಪ ಸೇರಿಸುತ್ತಿದ್ದರು. ಆದರೆ ಅದು ಮೇಲೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ. 1992ರಲ್ಲಿ, ಓಝೋನ್ ಕೆಡಿಸುವ ವಸ್ತುಗಳನ್ನು ನಿಲ್ಲಿಸುವ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಶ್ರೀಮಂತ ದೇಶಗಳಿಗೆ 2005, ನಮ್ಮಂಥ ದೇಶಗಳಿಗೆ 2015 ಅಂತ ಗಡುವು ಕೊಟ್ಟರು. ಈಗ ಉಳಿದಿರುವುದು ಮುಖ್ಯವಾಗಿ ಹಡಗಿನ ಸರಕಿಗೆ, ಮರದ ಪೆಟ್ಟಿಗೆಗೆ. ಪೆಟ್ಟಿಗೆ ಮೇಲೆ ಎಂ.ಬಿ. ಅಂತ ಅಚ್ಚು ಇರುತ್ತದೆ ನೋಡಿ, ಅದೇ ಇದು. ನಮ್ಮ ದೇಶದಲ್ಲಿ ರೈತನ ಕೈಗೆ ಸಿಗುವ ವಸ್ತುವೇ ಅಲ್ಲ.

ಅದು ಹೋದ ಮೇಲೆ ನಿಮ್ಮ ಫ್ಲೋರಿಡಾದ ಟೊಮೆಟೊದವರೇ ಇದೇ ಜೇಕಿನ ಕೈಯಲ್ಲಿ ಒದ್ದಾಡಿದರು. ಕ್ಲೋರೋಪಿಕ್ರಿನ್ ಬೇರು ರೋಗಕ್ಕೆ ಸರಿ, ಕಳೆಗೆ ಅಷ್ಟಕ್ಕಷ್ಟೆ. ಇನ್ನೊಂದು ಗ್ಯಾಸ್ ಬೇರು ತಿನ್ನುವ ಜಂತುಹುಳಕ್ಕೆ ಸರಿ, ಕಳೆಗೆ ಸಾಲದು. ಮೀಥೈಲ್ ಅಯೋಡೈಡ್ ಬಂತು, ಜನ ವಿರೋಧ ಮಾಡಿದರು, 2012ರಲ್ಲಿ ಕಂಪನಿಯವರೇ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಈಗ ಎರಡು ಮೂರು ಗ್ಯಾಸ್ ಸೇರಿಸಿ, ಗ್ಯಾಸ್ ಹೊರಗೆ ಬಿಡದ ವಿಶೇಷ ಶೀಟ್ ಹಾಕಿ, ಅದರ ಜೊತೆ ಕಳೆನಾಶಕವನ್ನೂ ಕೊಡುತ್ತಾರೆ. ಅಷ್ಟು ದೊಡ್ಡ ಮೆಷಿನ್ ಇಟ್ಟುಕೊಂಡವರಿಗೇ ಒಂದು ಔಷಧಿಯಲ್ಲಿ ಆಗಲಿಲ್ಲ. ಅರ್ಧ ಎಕರೆಯವನಿಗೆ ಅಂಗಡಿಯ ಕ್ಯಾನ್ ಒಂದರಲ್ಲಿ ಆಗುತ್ತದಾ ತಮ್ಮಾ?

ಈಗ ನಾನು ಮಾಡಿದ್ದು ಹೇಳುತ್ತೇನೆ. ಇನ್ನೂ ಮಾರ್ಚ್ ಅಲ್ವಾ, ನಿನಗೆ ಟೈಮ್ ಇದೆ.

ಒಣಗಿದರೆ ಜೇಕಿನ ಗಡ್ಡೆ ಬದುಕುವುದಿಲ್ಲ. ಕಿತ್ತು ಬಿಸಿಲಿಗೆ ಹಾಕಿದರೆ ಒಂದೆರಡು ವಾರದಲ್ಲಿ ಸತ್ತುಹೋಗುತ್ತದೆ. ಅದಕ್ಕೇ ಈಗ ನೀರು ಪೂರ್ತಿ ನಿಲ್ಲಿಸು. ಕಲ್ಟಿವೇಟರ್ ಹೊಡೆಸು, ರೋಟವೇಟರ್ ಬೇಡ. ಮಣ್ಣು ಹೆಂಟೆ ಹೆಂಟೆಯಾಗಿ ಏಳಬೇಕು, ಗಡ್ಡೆ ಮೇಲೆ ಬಂದು ಬಿಸಿಲು ಕುಡಿಯಬೇಕು. ಹತ್ತು ದಿನ ಬಿಟ್ಟು ಅಡ್ಡಡ್ಡ ಇನ್ನೊಂದು ಸಲ. ಸಿಕ್ಕಿದ ಗಡ್ಡೆ ಆರಿಸಿ ಹೊರಗೆ ಹಾಕು, ತಿಪ್ಪೆಗೆ ಹಾಕಬೇಡ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ವಾಪಸ್ ಬರುತ್ತದೆ.

ಏಪ್ರಿಲ್ ಮಧ್ಯದ ಹೊತ್ತಿಗೆ ಮಡಿ ಕಟ್ಟಿ ಡ್ರಿಪ್ ಎಳೆದು ಚೆನ್ನಾಗಿ ನೀರು ಬಿಡು. ಇಷ್ಟು ದಿನ ಒಣಗಿಸು ಅಂದವಳು ಈಗ ನೆನೆಸು ಅನ್ನುತ್ತಾಳಲ್ಲ ಅನ್ನಬೇಡ. ಒಣ ಮಣ್ಣಿಗೆ ಶಾಖ ಕೆಳಗೆ ಇಳಿಯುವುದಿಲ್ಲ. ತೇವ ಇದ್ದರೆ ಉಳಿದ ಗಡ್ಡೆ, ಬೀಜ ಎಲ್ಲಾ ಮೊಳೆಯಲು ಬಾಯಿ ತೆರೆಯುತ್ತವೆ. ಆಗ ಮೇಲೆ ಪಾರದರ್ಶಕ ಶೀಟ್ ಎಳೆದು, ಅಂಚನ್ನೆಲ್ಲಾ ಮಣ್ಣಲ್ಲಿ ಹೂತು ಗಾಳಿ ಆಡದ ಹಾಗೆ ಮಾಡು. 25 ಮೈಕ್ರಾನ್ ದಪ್ಪ ಸಾಕು. ನಾಲ್ಕರಿಂದ ಆರು ವಾರ ಮುಟ್ಟಬೇಡ. ಇದನ್ನು ಇಸ್ರೇಲಿನವರು 1970ರ ದಶಕದಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದು.

ಕಪ್ಪು ಶೀಟ್ ಯಾಕೆ ಬೇಡ ಅಂತ ಕೇಳುತ್ತೀಯ, ನಾನೂ ಕೇಳಿದ್ದೆ. ಕಪ್ಪು ಶೀಟ್ ತಾನೇ ಬಿಸಿಯಾಗುತ್ತದೆ, ಮಣ್ಣಿಗೆ ಅಷ್ಟು ಕೊಡುವುದಿಲ್ಲ. ಪಾರದರ್ಶಕದ ಕೆಳಗೆ ಮೇಲಿನ ಎರಡು ಇಂಚು 50 ಡಿಗ್ರಿ ಹತ್ತಿರ ಹೋಗುತ್ತದೆ. ಇನ್ನೊಂದು ಮಜಾ ಇದೆ. ಜೇಕಿನ ಮೊಳಕೆ ಕತ್ತಲಲ್ಲಿ ಚೂಪಾಗಿ ಸುತ್ತಿಕೊಂಡೇ ಬರುತ್ತದೆ, ಕಪ್ಪು ಶೀಟನ್ನು ಚುಚ್ಚಿ ಹೊರಗೆ ಬಂದ ಮೇಲೇ ಎಲೆ ಬಿಚ್ಚುತ್ತದೆ. ಪಾರದರ್ಶಕದ ಕೆಳಗೆ ಬೆಳಕು ಕಂಡ ತಕ್ಷಣ, ಹೊರಗೆ ಬಂದೆ ಅಂದುಕೊಂಡು ಎಲೆ ಬಿಚ್ಚಿಬಿಡುತ್ತದೆ. ಬಿಚ್ಚಿದ ಎಲೆಗೆ ಚುಚ್ಚುವ ಮೊನೆ ಎಲ್ಲಿ? ಶೀಟಿಗೆ ಒತ್ತಿಕೊಂಡು ಅಲ್ಲೇ ಬೆಂದುಹೋಗುತ್ತದೆ. ನಾನು ದಿನಾ ಬೆಳಗ್ಗೆ ಹೋಗಿ ಬಗ್ಗಿ ನೋಡಿ ಖುಷಿಪಡುತ್ತಿದ್ದೆ, ಅತ್ತೆಗೆ ನನಗೆ ತಲೆ ಕೆಟ್ಟಿದೆ ಅನ್ನಿಸಿತ್ತು.

ಪೂರ್ತಿ ಹೋಯಿತಾ? ಇಲ್ಲ. ಆರು ಇಂಚಿನ ಕೆಳಗೆ ಶಾಖ ಕಮ್ಮಿ, ಅಲ್ಲಿದ್ದ ಗಡ್ಡೆ ಉಳಿದವು. ಬೀಜದ ಕಳೆ ಮುಕ್ಕಾಲು ಪಾಲು ಹೋಯಿತು, ಜೇಕು ಅರ್ಧಕ್ಕಿಂತ ಕಮ್ಮಿಯಾಯಿತು. ಅಷ್ಟಾದರೂ ಎರಡು ಸಲ ಕೈಯಲ್ಲಿ ಕೀಳಿಸುವುದರಲ್ಲಿ ಮುಗಿಯಿತು, ಮುಂಚೆ ಐದು ಸಲ ಆಳು ಹುಡುಕುತ್ತಿದ್ದೆ. ಶೀಟ್ ತೆಗೆದ ಮೇಲೆ ಮಾತ್ರ ಮತ್ತೆ ಉಳಬೇಡ, ಕೆಳಗಿನದನ್ನು ನೀನೇ ಮೇಲೆ ತಂದ ಹಾಗಾಗುತ್ತದೆ. ಅದೇ ಮಡಿಗೆ ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಕಿ ನೇರ ನಾಟಿ. ಭರಣಿ ಮಳೆ ಜೋರಾಗಿ ಬಂದು ಪಾರದರ್ಶಕ ಶೀಟ್ ಮೇಲೆ ನೀರು ನಿಂತರೆ ಗುಡಿಸಿ ಹಾಕು, ನಿಂತ ನೀರು ಶಾಖ ತಿನ್ನುತ್ತದೆ.

ದೊಡ್ಡಮ್ಮ ಸಾಸಿವೆ ಬಿತ್ತಿ, ಹೂ ಬಿಟ್ಟಾಗ ಗಿಡವನ್ನು ಮಣ್ಣಿಗೆ ಸೇರಿಸಿ ಉಳುವುದು ಹೇಳಿದ್ದರು. ಒಳ್ಳೆಯದೇ ದೊಡ್ಡಮ್ಮ, ಸಾಸಿವೆಯ ಘಾಟು ಡಾಜೋಮೆಟ್ ಗ್ಯಾಸಿನ ಬಂಧುವೇ. ಸಣ್ಣ ಬೀಜದ ಕಳೆಗೆ, ಬೇರು ರೋಗಕ್ಕೆ ಸ್ವಲ್ಪ ಸಹಾಯ. ಜೇಕು ಅದಕ್ಕೆ ಕೇರ್ ಮಾಡುವುದಿಲ್ಲ. ಕಾಕಂಬಿ, ತವುಡು ಹಾಕಿ ನೀರು ನಿಲ್ಲಿಸಿ ಶೀಟ್ ಮುಚ್ಚಿ ಮಣ್ಣು ಕೊಳೆಸುವ ವಿಧಾನವೂ ಇದೆ, ಜಪಾನಿನವರು ಮಾಡುತ್ತಾರೆ. ತವುಡು ಹಸುವಿಗೆ ಹಾಕಿದರೆ ಹಾಲಾದರೂ ಬರುತ್ತದೆ.

ಗ್ಲೈಫೋಸೇಟ್ ಕಳೆನಾಶಕದ ಬಗ್ಗೆ ಯಾರೂ ಕೇಳಲಿಲ್ಲ, ಕೇಳುವ ಮುಂಚೆ ನಾನೇ ಹೇಳುತ್ತೇನೆ. 2022ರಲ್ಲಿ ಅದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರೇ ಹೊಡೆಯಬೇಕು ಅಂತ ಕೇಂದ್ರ ಆದೇಶ ಹೊರಡಿಸಿತು. ಕಬ್ಬಿನವರು ಜೇಕಿಗೆ ಹೊಡೆಯುವ ಪುಡಿಯನ್ನೂ ತಂದು ಕ್ಯಾಪ್ಸಿಕಂ ಮೇಲೆ ಪ್ರಯೋಗ ಮಾಡಬೇಡ. ಏನಾದರೂ ಹೊಡೆಯಲೇಬೇಕು ಅನ್ನಿಸಿದರೆ ಮೊದಲು ಕೋಲಾರದ ಹತ್ತಿರ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ, ಗಡ್ಡೆ ಎರಡೂ ಹಿಡಿದುಕೊಂಡು ಹೋಗು.

ಇನ್ನೊಂದು. ನಿನ್ನ ಹೊಲಕ್ಕೆ ಜೇಕು ಬಂದದ್ದೇ ಆ ವರ್ಷ ಹೊಡೆಸಿದ ಕೆರೆ ಗೋಡು ಮಣ್ಣಿನಿಂದ ಅಂತ ನನ್ನ ಅನುಮಾನ. ಅದಕ್ಕೆ ಮುಂಚೆ ಅಪ್ಪ ರಾಗಿ ಹಾಕುತ್ತಿದ್ದಾಗ ನಾನು ಅಲ್ಲಿ ಜೇಕು ನೋಡಿದ ನೆನಪಿಲ್ಲ. ಈ ಸಲ ಗೋಡು ಹೊಡೆಸುವುದಿದ್ದರೆ ಮೂಲೆಯಲ್ಲಿ ರಾಶಿ ಹಾಕಿ ಒಂದು ಮಳೆ ಬೀಳಲಿ, ಏನು ಮೊಳೆಯುತ್ತದೆ ನೋಡಿ ಆಮೇಲೆ ಹರಡು.

ನಾಳೆ ಬೆಳಗ್ಗೆ ಗುದ್ದಲಿ ತೆಗೆದುಕೊಂಡು ಮೂರು ಕಡೆ ಒಂದೊಂದು ಅಡಿ ಗುಂಡಿ ತೋಡು. ಆರು ಇಂಚಿನ ಮೇಲೆ ಸಿಕ್ಕಿದ ಗಡ್ಡೆ ಬೇರೆ, ಕೆಳಗೆ ಸಿಕ್ಕಿದ್ದು ಬೇರೆ, ಪೇಪರ್ ಮೇಲೆ ಹರಡಿ ಫೋಟೋ ಹಾಕು. ಕೆಳಗೇ ಜಾಸ್ತಿ ಇದ್ದರೆ ಈ ಮಳೆಗಾಲ ಅಲ್ಲಿ ಕ್ಯಾಪ್ಸಿಕಂ ಬಿಟ್ಟು ಹಸಿರು ಗೊಬ್ಬರದ ಅಪ್ಸೆಣಬು ದಟ್ಟವಾಗಿ ಬಿತ್ತು, ನೆರಳಾದರೆ ಜೇಕು ಸೊರಗುತ್ತದೆ. ಕ್ಯಾಪ್ಸಿಕಮ್ಮಿಗೆ ಬಾವಿ ಕಡೆಯ ತುಂಡು ನೋಡೋಣ. ನನ್ನ ಹತ್ತಿರ ಪಾರದರ್ಶಕ ಶೀಟ್ ಅರ್ಧ ರೋಲ್ ಉಳಿದಿದೆ, ಇಲಿ ಕಡಿದಿಲ್ಲ. ಭಾನುವಾರ ಲಗೇಜ್ ಆಟೋ ಮಾಡಿಕೊಂಡು ಬಾ, ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ. ವಾಲ್ವ್ ತಿರುಗಿಸಬೇಕು, ಇಡುತ್ತೇನೆ.