ಆರ್‌ಎಕ್ಸ್ ಮಾರಿದ್ದು ಯಾರನ್ನು ಕೇಳಿ?

ದಾವಣಗೆರೆಯ ನಮ್ಮ ಮನೆಮಂದಿಯ ಗುಂಪಿಗೆ ಭಾನುವಾರ ಮಂಜು ಒಂದು ಫಾರ್ವರ್ಡ್ ಹಾಕಿದ. ಅವನ ಹತ್ತಿರ ಇರುವುದು ಯಮಹಾ ಬೈಕ್, ಆರ್‌ಎಕ್ಸ್ 135. ಆರ್‌ಎಕ್ಸ್ 100 ಇದ್ದವರು ಮೆರೆಯುವುದು ಕಂಡರೆ ಅವನಿಗೆ ಆಗುವುದಿಲ್ಲ.

ಮಂಜು: ಕಂಪನಿ ಮುಚ್ಚಿಟ್ಟ ಸತ್ಯ!! 100, 135 ಎರಡೂ ಒಂದೇ ಇಂಜಿನ್. ಸ್ಟಿಕ್ಕರ್ ಮಾತ್ರ ಬೇರೆ. ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತರೆ 100 ಕೂಡ 135 ಆಗುತ್ತೆ. ಎಲ್ಲರಿಗೂ ಕಳಿಸಿ 🙏

ಸುಮಕ್ಕ: ಯಾರು ಬರೆದಿದ್ದು ಇದು?

ಮಂಜು: ಗೊತ್ತಿಲ್ಲ ಅಕ್ಕಾ, ಬಂದಿತ್ತು, ಹಾಕಿದೆ.

ಸುಮಕ್ಕ: ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡಕ್ಕೂ 50 ಮಿ.ಮೀ. ಅಷ್ಟು ಮಾತ್ರ ಒಂದೇ. ಬೋರ್, ಅಂದರೆ ಸಿಲಿಂಡರಿನ ಅಗಲ, 100ಕ್ಕೆ 50, 135ಕ್ಕೆ 58. ಲೆಕ್ಕ ಹಾಕು, ಒಂದು 98 ಸಿಸಿ, ಇನ್ನೊಂದು 132. 100ಕ್ಕೆ 11 ಬಿಎಚ್‌ಪಿ, ನಿನ್ನ 5 ಗೇರಿನ ಗಾಡಿಗೆ 14. ಬ್ಯಾಫಲ್ ಕಿತ್ತರೆ ಬೋರ್ ಅಗಲ ಆಗುತ್ತಾ?

ದೊಡ್ಡಪ್ಪ: ಸದ್ದು ಮಾಡಿಕೊಂಡು ಪಿ.ಬಿ. ರೋಡಿನಲ್ಲಿ ತಿರುಗುವುದು ಸಂಸ್ಕಾರ ಅಲ್ಲ. ನಾವು ಹರಿಹರಕ್ಕೆ ಸೈಕಲ್ ಮೇಲೆ ಹೋಗುತ್ತಿದ್ದೆವು. ಶುಭೋದಯ.

ರವಿ: ಆ ಸದ್ದು ಕೇಳಿದರೆ ಅಜ್ಜಿ ಒಳಗಿನಿಂದಲೇ ಬಾಗಿಲು ತೆಗೆಯೋಕೆ ಬರುತ್ತಿದ್ದರು! ಟ್ಯಾಂಕ್ ಮೇಲೆ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಇಟ್ಟುಕೊಂಡು ಬರುತ್ತಿದ್ದೆವು. ತಾತ ತಂದಿದ್ದ 100 ಒರಿಜಿನಲ್ ಜಪಾನ್ ಮಾಲು.

ಸುಮಕ್ಕ: ಜಪಾನಿನ ಬಿಡಿಭಾಗ ಜೋಡಿಸಿದ್ದು 1985ರ ಮೊದಲ ಗಾಡಿಗಳಿಗೆ. ನಮ್ಮದು 1993ರದ್ದು.

ಇದಕ್ಕೆ ರವಿ ಅಳುವ ಮುಖ ಹಾಕಿದ. ಸುಮಕ್ಕ ಬಿಡುವವಳಲ್ಲ.

ಸುಮಕ್ಕ: ಇನ್ನೊಂದು ವಿಷಯ ಮಂಜು. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಸೈಲೆನ್ಸರ್ ಇರುವುದು ಸದ್ದು ಅಡಗಿಸೋಕೆ ಮಾತ್ರ ಅಲ್ಲ. ಹೊಗೆ ಹೋಗುವ ಕಿಂಡಿಯಿಂದ ಉರಿಯದೆ ಹೊರಗೆ ಜಾರಿದ ಪೆಟ್ರೋಲ್ ಗಾಳಿಯನ್ನು ಒಳಗಿನ ಒತ್ತಡದ ಅಲೆ ವಾಪಸ್ ಸಿಲಿಂಡರಿಗೆ ತಳ್ಳುತ್ತೆ. ಅಂದಾಜಿನ ಮೇಲೆ ಕತ್ತರಿಸಿದರೆ ಸದ್ದು ಜಾಸ್ತಿ, ಪಿಕಪ್ ಕಡಿಮೆ. ಏನೇ ಬದಲಿಸಿದರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡು. ಕಂದು ಇದ್ದರೆ ಸರಿ. ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಬರುವ ತೂತು) ಹಾಕಬೇಕು. ಇಲ್ಲದಿದ್ದರೆ ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ಸೀಜ್.

ಇಡೀ ಚರ್ಚೆಯಲ್ಲಿ ಓದಬೇಕಾದ ಮೆಸೇಜ್ ಇದೊಂದೇ. ಎಲ್ಲರ ಕಣ್ಣಿಗೆ ಬಿದ್ದಿದ್ದು ಮಾತ್ರ ಕೊನೆಯ ಪದ.

ಚಿಕ್ಕಪ್ಪ: ಸೀಜ್ ಆಗಿದ್ದಕ್ಕೇ ಅಲ್ವಾ ನಾನು ಮಾರಿದ್ದು.

ಅತ್ತೆ: ಯಾರನ್ನು ಕೇಳಿ ಮಾರಿದೆ? ಅದು ಅಪ್ಪನ ಗಾಡಿ. ದುಡ್ಡು ಎಲ್ಲಿ ಹೋಯಿತು ಅಂತ ಇವತ್ತಿನವರೆಗೂ ಹೇಳಿಲ್ಲ.

ಚಿಕ್ಕಪ್ಪ: ಸೀಜ್ ಮಾಡಿದ್ದು ಯಾರು ಅಂತ ಮೊದಲು ಹೇಳು. ಇಂಜಿನ್‌ಗೆ ಹಾಕೋ ಟೂಟಿ ಆಯಿಲ್ ಇದೆಯಾ ಅಂತ ನೋಡದೆ ಚಿತ್ರದುರ್ಗಕ್ಕೆ ಎಳೆದುಕೊಂಡು ಹೋಗಿದ್ದು ನಿಮ್ಮ ಯಜಮಾನರು.

ದೊಡ್ಡಪ್ಪ: ಹಿರಿಯರ ಬಗ್ಗೆ ಗುಂಪಿನಲ್ಲಿ ಹೀಗೆ ಮಾತಾಡಬಾರದು.

ಅತ್ತೆ: ನೀವು ಸುಮ್ಮನಿರಿ ಅಣ್ಣಾ. ಅವತ್ತು ಹಿಂದೆ ಕೂತಿದ್ದವರು ನೀವೇ.

ಮಾವ ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ನಿಂತಿತು. ಮತ್ತೆ ಬಂತು. ಆಮೇಲೆ ಮಾವ ಗುಂಪು ಬಿಟ್ಟರು.

ಮಂಜು: ಅಕ್ಕಾ, ಹಾಗಾದರೆ ಬ್ಯಾಫಲ್ ಕೀಳಲೋ ಬೇಡವೋ?

ಅತ್ತೆ: ಅದು ಆಮೇಲೆ. ಮೊದಲು ಮಾವನನ್ನು ವಾಪಸ್ ಸೇರಿಸು.

ಮಂಜು: ಅಡ್ಮಿನ್ ಚಿಕ್ಕಪ್ಪ, ಅತ್ತೆ.