ಅಪರ್ಣಾ: ಸಿನಿಮಾ ಬಳಸಿಕೊಳ್ಳದ ನಟಿಯಾ, ದನಿಯನ್ನೇ ಕಲೆ ಮಾಡಿಕೊಂಡವರಾ?

ತೆರೆಮರೆ:
ನಿರೂಪಕಿ ಅಪರ್ಣಾ ಅವರ ಬಗ್ಗೆ ಯಾರೇ ಬರೆಯಲಿ, ಅದೇ ಮೂರು ಮಾತು. ಅಚ್ಚ ಕನ್ನಡ, ಇಂಪಾದ ದನಿ, ನಮ್ಮ ಮೆಟ್ರೋದ ಪ್ರಕಟಣೆ. 2024ರ ಜುಲೈ 11ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡಾಗಲೂ ಎಲ್ಲ ಕಡೆ ಇದನ್ನೇ ಓದಿದೆ. ಅವರು ಮೊದಲು ನಟಿ ಅನ್ನುವುದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

‘ಮಸಣದ ಹೂವು’ ನೋಡಿ. ಅಪರ್ಣಾ ಅವರ ಮೊದಲ ಸಿನಿಮಾ, ನಿರ್ದೇಶಕ ಪುಟ್ಟಣ್ಣ ಕಣಗಾಲರ ಕೊನೆಯದು. ಅದು ಮುಗಿಯುವ ಮೊದಲೇ, 1985ರ ಜೂನ್‌ನಲ್ಲಿ ಪುಟ್ಟಣ್ಣ ಹೋಗಿಬಿಟ್ಟರು. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಪೂರೈಸಿದರು. ಮೈ ಮಾರುವ ದಂಧೆಯ ಸುತ್ತ ಹೆಣೆದ ಕಥೆ. ಅಂಬರೀಶ್, ಜಯಂತಿ ಅಂಥವರ ಜೊತೆ ನಿಲ್ಲಬೇಕು. ಇನ್ನೂ ಇಪ್ಪತ್ತು ತುಂಬದ ಹೊಸ ಹುಡುಗಿಗೆ ಅದು ಸುಲಭದ ಕೆಲಸ ಆಗಿರಲಿಲ್ಲ. ಆದರೂ ಪುಟ್ಟಣ್ಣ ಅವರನ್ನೇ ಆರಿಸಿಕೊಂಡರು. ಹೊಸ ಮುಖಗಳ ವಿಷಯದಲ್ಲಿ ಅವರ ಕಣ್ಣು ಎಂಥದ್ದು ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಅಲ್ಲಿಂದ ಮುಂದೆ ಕೆಲವು ಸಿನಿಮಾ ಬಂದವು. ಆ ಮೊದಲ ಪಾತ್ರದ ತೂಕ ಇರುವಂಥದ್ದು ಯಾವುದೂ ಸಿಗಲಿಲ್ಲ. ನನ್ನ ಪ್ರಕಾರ ಕನ್ನಡ ಸಿನಿಮಾ ಒಬ್ಬ ಒಳ್ಳೆ ನಟಿಯನ್ನು ಕಳೆದುಕೊಂಡಿತು. ನಿರೂಪಣೆ ಅವರಿಗೆ ಎರಡನೇ ದಾರಿ. ನಾವೆಲ್ಲ ಆ ಎರಡನೇ ದಾರಿಯನ್ನೇ ಹೊಗಳುತ್ತಾ ಕೂತಿದ್ದೇವೆ.

ಹಳೇ ರೇಡಿಯೋ:
ಒಪ್ಪಲಾರೆ. ನಾಯಕಿ ಆಗದೇ ಇದ್ದವರೆಲ್ಲ ಸೋತವರು ಅಂತ ನಾವು ಯಾಕೆ ಮೊದಲೇ ತೀರ್ಮಾನ ಮಾಡಿಬಿಡುತ್ತೇವೆ?

1993ರಲ್ಲಿ ಅವರು ಆಕಾಶವಾಣಿಗೆ ಬಂದರು. ತೊಂಬತ್ತರ ದಶಕದಲ್ಲಿ ದೂರದರ್ಶನದ ಚಂದನದಲ್ಲಿ ಎಷ್ಟೋ ಕಾರ್ಯಕ್ರಮ ನಡೆಸಿಕೊಟ್ಟರು. ಉದಯ ಟಿವಿ ಶುರುವಾದದ್ದೇ 1994ರಲ್ಲಿ. ಕನ್ನಡದ ಎಷ್ಟೋ ಮನೆಗಳಿಗೆ ಅಲ್ಲಿಯವರೆಗೂ ದೂರದರ್ಶನ ಬಿಟ್ಟರೆ ಬೇರೆ ಇರಲಿಲ್ಲ. ಅಂಥ ಕಾಲದಲ್ಲಿ ತೆರೆ ಮೇಲೆ ಬಂದು ‘ನಮಸ್ಕಾರ’ ಅನ್ನುವವರ ಮಾತು ಎಷ್ಟು ಜನರ ಕಿವಿಗೆ ಬೀಳುತ್ತಿತ್ತು ಯೋಚನೆ ಮಾಡಿ. ಸಿನಿಮಾ ನೋಡಲು ಜನ ಎದ್ದು ಹೋಗಬೇಕಿತ್ತು. ಇವರು ಮನೆಯೊಳಗೇ ಇದ್ದರು.

1998ರ ದೀಪಾವಳಿ ಕಾರ್ಯಕ್ರಮವನ್ನು ಸತತ 8 ಗಂಟೆ ನಿರೂಪಿಸಿ ದಾಖಲೆ ಮಾಡಿದರು. ಇದನ್ನು ಸುಮ್ನೆ ಒಂದು ಅಂಕಿಯಾಗಿ ಓದಬೇಡಿ. ಅಷ್ಟು ಹೊತ್ತು ಮಾತಾಡಿದರೆ ಗಂಟಲು ಒಣಗುತ್ತದೆ. ವಾಕ್ಯದ ಕೊನೆಯ ಪದ ನುಂಗಿಹೋಗುತ್ತದೆ. ಮುಂದಿನ ಅತಿಥಿ ತಡವಾದರೆ ಕೈಯಲ್ಲಿ ಬರಹ ಇಲ್ಲದೆ ಐದು ನಿಮಿಷ ತುಂಬಿಸಬೇಕು, ಅದೂ ತಡವರಿಸದೆ. ಇದು ನಟನೆಗಿಂತ ಕಡಿಮೆ ಅಂತ ನೀವು ಹೇಗೆ ಅಳೆಯುತ್ತೀರಿ?

ಮೈಕ್ ಮುಂದೆ:
ನಾನು ಡಬ್ಬಿಂಗ್ ಮಾಡಿ ಬದುಕುವವಳು. ಹಾಗಾಗಿ ಈ ಮಾತು ನನಗೆ ಹತ್ತಿರದ್ದು.

ಮೆಟ್ರೋದಲ್ಲಿ ಅವರ ದನಿ ಕೇಳಿ ಜನ ‘ಎಷ್ಟು ಸಿಹಿ’ ಅನ್ನುತ್ತಾರೆ. ಹುಟ್ಟಿನಿಂದ ಬಂದ ವರ ಅನ್ನುವ ಹಾಗೆ. ಆ ದನಿಯ ಹಿಂದೆ ಎಷ್ಟು ಕೆಲಸ ಇದೆ ಅಂತ ಹೇಳುತ್ತೇನೆ, ಕೇಳಿ. ಇಂಥ ಪ್ರಕಟಣೆಗಳನ್ನು ಸಾಮಾನ್ಯವಾಗಿ ತುಂಡು ತುಂಡಾಗಿ ರೆಕಾರ್ಡ್ ಮಾಡುತ್ತಾರೆ. ‘ಮುಂದಿನ ನಿಲ್ದಾಣ’ ಒಂದು ತುಂಡು. ನಿಲ್ದಾಣದ ಹೆಸರು ಇನ್ನೊಂದು. ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದು ಮತ್ತೊಂದು. ಆಮೇಲೆ ಯಂತ್ರ ಅವನ್ನು ಜೋಡಿಸಿ ನುಡಿಸುತ್ತದೆ.

‘ಟ್ರಿನಿಟಿ’ಯನ್ನು ಒಂಚೂರು ಏರುದನಿಯಲ್ಲಿ, ‘ಹಲಸೂರು’ ಅನ್ನುವುದನ್ನು ಇಳಿದನಿಯಲ್ಲಿ ಹೇಳಿದಿರಿ ಅಂತಿಟ್ಟುಕೊಳ್ಳಿ. ಜೋಡಿಸಿದಾಗ ಒಂದರಲ್ಲಿ ಮಾತು ತೇಲಿದ ಹಾಗೆ, ಇನ್ನೊಂದರಲ್ಲಿ ಮುಗಿದೇಹೋದ ಹಾಗೆ ಕೇಳುತ್ತದೆ. ಬೆಳಗ್ಗೆ ಮೊದಲು ಹೇಳಿದ ಹೆಸರಿಗೂ ಸಂಜೆ ದಣಿದ ಮೇಲೆ ಹೇಳಿದ ಹೆಸರಿಗೂ ಒಂದೇ ಎತ್ತರ, ಒಂದೇ ವೇಗ, ಮೈಕಿನಿಂದ ಒಂದೇ ದೂರ ಇರಬೇಕು. ‘ಪ’, ‘ಬ’ ಬಂದಾಗ ಉಸಿರು ಮೈಕಿಗೆ ಬಡಿಯಬಾರದು. ‘ಸ’, ‘ಶ’ ಸೀಟಿ ಹೊಡೆಯಬಾರದು. ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’ ಅಂಥ ಉದ್ದದ ಹೆಸರನ್ನು ನಡುವೆ ಉಸಿರು ಎಳೆದುಕೊಂಡದ್ದು ಗೊತ್ತಾಗದ ಹಾಗೆ ಮುಗಿಸಬೇಕು. ಇದೆಲ್ಲ ಆದ ಮೇಲೆ ರೈಲಿನ ಸದ್ದು, ನೂರಾರು ಜನರ ಗಲಾಟೆ ನಡುವೆ ಅದು ಸ್ಪಷ್ಟವಾಗಿ ಕೇಳಬೇಕು, ಕಿರುಚಿದ ಹಾಗೂ ಇರಬಾರದು.

ಅಪರ್ಣಾ ಅವರ ದನಿಯಲ್ಲಿ ಈ ಬೆಸುಗೆ ಗೊತ್ತಾಗುವುದೇ ಇಲ್ಲ. ವರ್ಷಗಟ್ಟಲೆ ರೇಡಿಯೋ, ವೇದಿಕೆ, ಟಿವಿಯಲ್ಲಿ ಉಸಿರು ಹಿಡಿದು ದುಡಿದವರಿಗೆ ಮಾತ್ರ ಇದು ಸಿದ್ಧಿಸುತ್ತದೆ.

ಧಾರವಾಡದ ಓದುಗ:
ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೂ ಒಂದು ಮಾತು ಹೇಳಲೇಬೇಕು. ‘ಶುದ್ಧ ಕನ್ನಡ’ ಅಂತ ಹೊಗಳುವಾಗ ನಾವು ಯಾರ ಕನ್ನಡವನ್ನು ಅಶುದ್ಧ ಅನ್ನುತ್ತಿದ್ದೇವೆ? ಆಕಾಶವಾಣಿ, ದೂರದರ್ಶನದ ಕನ್ನಡ ಹಳೇ ಮೈಸೂರು ಕಡೆಯ ಓದು ಬಲ್ಲವರ ಮಾತಿಗೆ ಹತ್ತಿರ. ನಮ್ಮ ಕಡೆಯ ಮಕ್ಕಳು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಸ್ವಂತ ಮಾತನ್ನು ಮುಚ್ಚಿಟ್ಟುಕೊಂಡು ಅದನ್ನು ಅನುಕರಿಸುತ್ತಿದ್ದರು. ನಾನೂ ಮಾಡಿದ್ದೇನೆ. ಒಬ್ಬರ ಉಚ್ಚಾರವನ್ನು ಇಡೀ ನಾಡಿನ ಅಳತೆಗೋಲು ಮಾಡಬಾರದು.

ಹಳೇ ರೇಡಿಯೋ:
ನಿಮ್ಮ ಮಾತಿನಲ್ಲಿ ಸತ್ಯ ಇದೆ. ಆದರೆ ಅವರ ಶಕ್ತಿ ಇದ್ದದ್ದು ಬರೀ ಉಚ್ಚಾರದಲ್ಲಿ ಅಂತ ನನಗೆ ಅನ್ನಿಸುವುದಿಲ್ಲ. ಒಂದು ಕವಿತೆಯ ಸಾಲು ಹೇಳಿ ಹಾಡುಗಾರರನ್ನು ಕರೆಯುವಾಗ ಅವರು ಎಲ್ಲಿ ನಿಲ್ಲಿಸುತ್ತಿದ್ದರು ಗಮನಿಸಿ. ಅರ್ಥ ಕೇಳುಗರನ್ನು ಮುಟ್ಟುವಷ್ಟು ಬಿಡುವು ಕೊಡುತ್ತಿದ್ದರು. ಇವತ್ತಿನ ಎಷ್ಟೋ ನಿರೂಪಣೆಯಲ್ಲಿ ಆ ಬಿಡುವೇ ಇಲ್ಲ. ಧಾರವಾಡದ ಕನ್ನಡದಲ್ಲೂ ಕುಂದಾಪುರದ ಕನ್ನಡದಲ್ಲೂ ಆ ಬಿಡುವನ್ನು ಕಲಿಯಬಹುದು. ಅವರಿಂದ ಕಲಿಯಬೇಕಾದದ್ದು ಅದು.

ಧಾರವಾಡದ ಓದುಗ:
ಇದನ್ನು ಒಪ್ಪುತ್ತೇನೆ. ಆದರೆ ಕಲಿಸುವವರು ಯಾರು? ಅವರನ್ನು ಹೊಗಳಿದ ಬರಹಗಳಲ್ಲಿ ನಿಲುಗಡೆ, ಉಸಿರು ಇವುಗಳ ಬಗ್ಗೆ ಒಂದು ಸಾಲೂ ನಾನು ಓದಿಲ್ಲ.

ಟಿವಿ ಮನೆ:
ಎಲ್ಲರೂ ಗಂಭೀರ ಅಪರ್ಣಾ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ತಲೆಮಾರಿನವರಿಗೆ ಅವರು ‘ವರಲಕ್ಷ್ಮಿ’. 2015ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಮಜಾ ಟಾಕೀಸ್’. ಸೃಜನ್ ಲೋಕೇಶ್ ಜೊತೆಗಿನ ಆ ಪಾತ್ರ ನೋಡಿಯೇ ನಾನು ಅವರ ಹೆಸರು ತಿಳಿದುಕೊಂಡದ್ದು. ಅದಕ್ಕೂ ಮುಂಚೆ, 2013ರ ಮೊದಲ ಬಿಗ್ ಬಾಸ್‌ನಲ್ಲೂ ಇದ್ದರು. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ನಟಿಸಿದ್ದರು. ಸಿನಿಮಾ ಬಿಟ್ಟರೆ ನಟನೆಯೇ ಇಲ್ಲ ಅನ್ನುವ ಹಾಗೆ ತೆರೆಮರೆ ಅವರು ಬರೆದಿರುವುದು ಸರಿ ಇಲ್ಲ, ಅಲ್ವಾ?

ತೆರೆಮರೆ:
ಧಾರಾವಾಹಿಗಳನ್ನು ನಾನು ಕಡೆಗಣಿಸುತ್ತಿಲ್ಲ. ‘ಮಜಾ ಟಾಕೀಸ್’ ವಿಷಯದಲ್ಲಿ ಮಾತ್ರ ನನಗೆ ಬೇಸರ ಇದೆ, ನೇರವಾಗಿ ಹೇಳುತ್ತೇನೆ. ಅಷ್ಟು ಘನತೆಯ ನಿರೂಪಕಿಗೆ ಐವತ್ತರ ಹತ್ತಿರ ಸಿಕ್ಕ ಅತಿ ಜನಪ್ರಿಯ ಪಾತ್ರ ಒಂದು ನಗೆ ಕಾರ್ಯಕ್ರಮದ್ದು. ನಮ್ಮ ಟಿವಿಯಲ್ಲಿ ಆ ವಯಸ್ಸಿನ ಹೆಣ್ಣಿಗೆ ಅತ್ತೆ, ತಾಯಿ, ಇಲ್ಲವೇ ನಗಿಸುವವಳು. ನಾಲ್ಕನೆಯದು ಕಾಣುವುದಿಲ್ಲ.

ಟಿವಿ ಮನೆ:
ವಯಸ್ಸಾದ ನಟಿಯರಿಗೆ ಪಾತ್ರ ಇಲ್ಲ ಅನ್ನುವುದು ನಿಜ. ಆದರೆ ವರಲಕ್ಷ್ಮಿ ಪಾತ್ರವನ್ನು ಕೆಳಗಿಳಿದದ್ದು ಅಂತ ನೋಡಬೇಡಿ. ಅದೇ ಸ್ವಚ್ಛ ದನಿಯನ್ನು ಅವರು ಅಲ್ಲಿ ಬೇಕಂತಲೇ ಬಾಗಿಸುತ್ತಿದ್ದರು. ಪದ ಎಳೆಯುತ್ತಿದ್ದರು, ಠೀವಿ ಮಾಡುತ್ತಿದ್ದರು. ಎದುರಿಗಿದ್ದವರು ಮಾತು ಮುಗಿಸಿ ಅರೆಕ್ಷಣ ಆದ ಮೇಲೆ ಉತ್ತರ. ಆ ಅರೆಕ್ಷಣ ತಪ್ಪಿದರೆ ನಗು ಬರುವುದಿಲ್ಲ. ಸರ್ಕಾರಿ ಸಮಾರಂಭದಲ್ಲಿ ಗಣ್ಯರನ್ನು ವೇದಿಕೆಗೆ ಕರೆಯುವವರು ಹೀಗೆ ನಗಿಸಬಲ್ಲರು ಅಂತ ಯಾರೂ ಅಂದುಕೊಂಡಿರಲಿಲ್ಲ. ನೀವು ಹುಡುಕುತ್ತಿರುವ ನಟಿ ಅಲ್ಲೇ ಇದ್ದರು.

ತೆರೆಮರೆ:
ಹೀಗೆ ನೋಡಬಹುದು ಅನ್ನುವುದನ್ನು ಒಪ್ಪುತ್ತೇನೆ. ಆದರೂ ‘ಮಸಣದ ಹೂವು’ ತೆರೆದ ಬಾಗಿಲು ಯಾಕೆ ಮುಚ್ಚಿತು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ನೇರಳೆ ಮಾರ್ಗ:
ಮೆಟ್ರೋ ಬಗ್ಗೆ ಒಂದು ಪ್ರಶ್ನೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮೊದಲ ರೈಲು ಓಡಿದಾಗ ಇದ್ದದ್ದು 6 ನಿಲ್ದಾಣ. ಈಗ ನೇರಳೆ ಮಾರ್ಗ ಒಂದರಲ್ಲೇ 37. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಬಂತು. ಗುಲಾಬಿ, ನೀಲಿ ಮಾರ್ಗಗಳೂ ಯೋಜನೆಯಲ್ಲಿವೆ. ಅವರು ಎಂದೂ ಹೇಳದ ಹೆಸರುಗಳು ಇನ್ನೂ ಬರುತ್ತವೆ. ಎಐ ಬಳಸಿ ಅವರ ದನಿಯಲ್ಲೇ ಆ ಹೆಸರುಗಳನ್ನು ಹೇಳಿಸಿದರೆ ತಪ್ಪೇನು? ಅದನ್ನು ಕೇಳಿದಾಗ ಅವರು ಇಲ್ಲೇ ಇದ್ದಾರೆ ಅನ್ನಿಸುತ್ತದೆ. ನನ್ನಂಥ ದಿನದ ಪ್ರಯಾಣಿಕರಿಗೆ ಇದು ಅಭಿಮಾನದ ಮಾತು.

ಮೈಕ್ ಮುಂದೆ:
ಬೇಡ. ದಯವಿಟ್ಟು ಬೇಡ. ಅವರು ರೆಕಾರ್ಡ್ ಮಾಡಿಕೊಟ್ಟದ್ದು ಎಷ್ಟು ವರ್ಷ ಬೇಕಾದರೂ ಓಡಲಿ. ಅದು ಅವರು ಕೂತು, ಉಸಿರು ಕೊಟ್ಟು ಮಾಡಿದ ಕೆಲಸ. ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಡುವುದು ಬೇರೆ. ಇವತ್ತು ನಿಲ್ದಾಣದ ಹೆಸರು, ನಾಳೆ ಜಾಹೀರಾತು.

ನಮ್ಮ ಕಸುಬಿನ ಕಷ್ಟವನ್ನೂ ಹೇಳುತ್ತೇನೆ. ಡಬ್ಬಿಂಗ್‌ಗೆ ಹೆಚ್ಚಾಗಿ ಒಂದೇ ಸಲದ ಹಣ. ನಾನು ಒಂದು ಕಂಪನಿಗೆ ಫೋನ್ ಪ್ರಕಟಣೆಗಾಗಿ ದನಿ ಕೊಟ್ಟೆ. ಆಮೇಲೆ ಅದೇ ದನಿ ನನ್ನನ್ನು ಕೇಳದೆ ಬೇರೆ ಕಡೆ ಬಂತು. ವಿಚಾರಿಸಿದರೆ ‘ಎಲ್ಲ ಹಕ್ಕು ನಮ್ಮದೇ ಅಂತ ಸಹಿ ಹಾಕಿದ್ದೀರಲ್ಲ’ ಅಂದರು. ಹೆಸರಿಲ್ಲದ ದನಿಗಳ ಪಾಡು ಇದು. ಕನ್ನಡದಲ್ಲಿ ನಾಯಕಿ ತೆರೆ ಮೇಲೆ ಒಬ್ಬರು, ದನಿ ಇನ್ನೊಬ್ಬರು ಅನ್ನುವುದು ಹೊಸದೇನಲ್ಲ. ರಂಗಭೂಮಿಯ ಬಿ. ಜಯಶ್ರೀ ಅವರಂಥ ದೊಡ್ಡ ಕಲಾವಿದೆಯೂ ಹಲವು ನಾಯಕಿಯರಿಗೆ ದನಿ ಕೊಟ್ಟಿದ್ದಾರೆ. ಎಷ್ಟು ಜನ ಪ್ರೇಕ್ಷಕರಿಗೆ ಅದು ಗೊತ್ತಿದೆ? ಮೇಲಾಗಿ ದಶಕಗಟ್ಟಲೆ ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡುವ ಹಾಗಿರಲಿಲ್ಲ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದ ಹಾಗೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ನಿಧಾನವಾಗಿ ಕೆಲಸ ಜಾಸ್ತಿ ಆಯಿತು. ಈಗ ಎರಡು ಹೊತ್ತಿನ ಊಟಕ್ಕೆ ದಾರಿಯಾಗುವ ಹೊತ್ತಿಗೆ ಯಂತ್ರ ಬಂದಿದೆ.

ಕಾನೂನು ವಿದ್ಯಾರ್ಥಿ:
ಕಾನೂನು ಏನನ್ನುತ್ತದೆ ಅಂತ ಸ್ವಲ್ಪ ಹೇಳಬಹುದಾ? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಹಕ್ಕಿಗೇ ಒಂದು ಸೆಕ್ಷನ್ ಇದೆ, 38. ಅವಧಿ 50 ವರ್ಷ. 2012ರ ತಿದ್ದುಪಡಿಯಲ್ಲಿ 38ಬಿ ಸೇರಿತು. ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಬೇಕು, ಅದನ್ನು ತಿರುಚಿ ತನ್ನ ಗೌರವಕ್ಕೆ ಧಕ್ಕೆ ತರಬಾರದು ಅಂತ ಕೇಳುವ ಹಕ್ಕು ಕಲಾವಿದರಿಗೆ ಸಿಕ್ಕಿತು. ಕಲಾವಿದರು ಯಾರು ಅನ್ನುವ ಪಟ್ಟಿಯಲ್ಲಿ ನಟರು, ಹಾಡುಗಾರರು, ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ಕೊಡುವವರು ಇದ್ದಾರೆ. ದನಿ ಕಲಾವಿದರು ಅಂತ ಬೇರೆಯಾಗಿ ಇಲ್ಲ. ಕೊನೆಯಲ್ಲಿ ‘ಪ್ರದರ್ಶನ ನೀಡುವ ಬೇರೆ ಯಾವುದೇ ವ್ಯಕ್ತಿ’ ಅನ್ನುವ ಅರ್ಥದ ಮಾತಿದೆ. ದನಿ ಕಲಾವಿದರು ಅದರ ಕೆಳಗೆ ನಿಲ್ಲಬಹುದು.

ಎಐ ವಿಷಯಕ್ಕೆ ಬಂದರೆ, 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು. ಒಪ್ಪಿಗೆ ಇಲ್ಲದೆ ಅವರ ದನಿಯನ್ನು ಎಐನಿಂದ ನಕಲು ಮಾಡುವುದಕ್ಕೆ ತಡೆ ಹಾಕಿತು. ಅಪರ್ಣಾ ಹೋದದ್ದೂ ಅದೇ ತಿಂಗಳು. ಬದುಕಿರುವ ಗಾಯಕ ಕೋರ್ಟಿಗೆ ಹೋಗಬಲ್ಲ. ತೀರಿಹೋದವರ ವಿಷಯದಲ್ಲಿ ನಮ್ಮ ಕಾನೂನು ಇನ್ನೂ ಅಷ್ಟು ಗಟ್ಟಿ ಇಲ್ಲ.

ನೇರಳೆ ಮಾರ್ಗ:
ಮನೆಯವರು ಒಪ್ಪಿದರೆ? ಅವರಿಗೆ ಹಣವನ್ನೂ ಕೊಟ್ಟರೆ?

ಮೈಕ್ ಮುಂದೆ:
ಮನೆಯವರು ಒಪ್ಪಿದರೆ ಕಾನೂನಿನ ತೊಡಕು ಕಡಿಮೆ ಆಗಬಹುದು. ನನ್ನ ಆಕ್ಷೇಪ ಹಾಗೇ ಇರುತ್ತದೆ. ಯಂತ್ರಕ್ಕೆ ಸರಾಸರಿ ಗೊತ್ತು. ಒಂದು ಊರಿನ ಹೆಸರನ್ನು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಅವರು ತೀರ್ಮಾನ ಮಾಡುತ್ತಿದ್ದರು. ಅವರಿಲ್ಲದೆ ಆ ತೀರ್ಮಾನ ಇನ್ಯಾರೋ ಮಾಡುತ್ತಾರೆ, ಹೆಸರು ಅವರದ್ದಾಗುತ್ತದೆ.

ಹೊಸ ಮಾರ್ಗಕ್ಕೆ ಹೊಸ ದನಿ ಬರಲಿ. ಆಯ್ಕೆಗೆ ನಾಡಿನ ಎಲ್ಲ ಕಡೆಯವರನ್ನೂ ಕರೆಯಲಿ. ಧಾರವಾಡದವರು ಎತ್ತಿದ ಮಾತಿಗೂ ಅಲ್ಲಿ ಜಾಗ ಸಿಗುತ್ತದೆ. ಎಷ್ಟು ಹಣ, ಎಲ್ಲೆಲ್ಲಿ ಬಳಕೆ, ಎಐ ತರಬೇತಿಗೆ ಕೊಡಬಹುದಾ ಇಲ್ಲವಾ, ಎಲ್ಲ ಒಪ್ಪಂದದಲ್ಲೇ ಬರೆದಿರಲಿ.

ಧಾರವಾಡದ ಓದುಗ:
ಇದಕ್ಕೆ ನನ್ನ ಪೂರ್ತಿ ಬೆಂಬಲ. ಇನ್ನೊಂದು ಸೇರಿಸಿ. ಚಂದನ, ಆಕಾಶವಾಣಿಯಲ್ಲಿ ಅವರ ಹಳೆಯ ಧ್ವನಿಮುದ್ರಣಗಳಲ್ಲಿ ಉಳಿದಿರುವುದನ್ನು ಹುಡುಕಿ, ಸರಿಪಡಿಸಿ, ಜನರಿಗೆ ಸಿಗುವ ಹಾಗೆ ಮಾಡಲಿ. ನಿರೂಪಣೆ ಕಲಿಯುವ ಹುಡುಗ ಹುಡುಗಿಯರಿಗೆ ಅದಕ್ಕಿಂತ ಒಳ್ಳೆ ಪಾಠ ಯಾವುದಿದೆ?

ತೆರೆಮರೆ:
‘ಮಸಣದ ಹೂವು’ ಸಿನಿಮಾದ ಒಳ್ಳೆ ಪ್ರತಿಯನ್ನೂ ಆ ಪಟ್ಟಿಗೆ ಸೇರಿಸಿ. ಅವರನ್ನು ಮೆಟ್ರೋದಿಂದ ಮಾತ್ರ ಬಲ್ಲವರು ಅದನ್ನು ನೋಡಲಿ. ನೋಡಿ ಬಂದು ಇಲ್ಲಿ ನನ್ನ ಮೊದಲ ಪ್ರಶ್ನೆಗೆ ಉತ್ತರ ಬರೆಯಲಿ. ಆ ವಾದವನ್ನು ನಾನಿನ್ನೂ ಬಿಟ್ಟಿಲ್ಲ.